ಹಳೇ ಮನೆಯ ಬೂಸ್ಟು, ತೇವ: ಬಣ್ಣದ ಡಬ್ಬ ಕೊನೆಗೆ ತನ್ನಿ

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯ ಹಳೇ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಕತೆ. ದೀಪಾವಳಿಗೆ ಗೋಡೆಗೆ ಬಣ್ಣ ಹೊಡೆಸುತ್ತಾರೆ. ಯುಗಾದಿವರೆಗೆ ಗೋಡೆ ಚೆನ್ನಾಗಿಯೇ ಇರುತ್ತದೆ. ಆರಿದ್ರಾ ಮಳೆ ಹಿಡಿದು ಹದಿನೈದು ದಿನವಾಗುವಷ್ಟರಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಮೂಲೆಯಲ್ಲಿ ಕಪ್ಪು ಚುಕ್ಕೆ, ಬೀರು ತೆಗೆದರೆ ಮುಗ್ಗಿದ ವಾಸನೆ. ಮುಂದಿನ ವರ್ಷ ಇನ್ನೂ ದುಬಾರಿ ಬಣ್ಣ ತರುತ್ತಾರೆ, ಅದೂ ಹಾಗೆಯೇ ಆಗುತ್ತದೆ.

ಬಣ್ಣದಲ್ಲಿ ತಪ್ಪಿಲ್ಲ. ಕೆಲಸದ ಸರದಿಯಲ್ಲಿ ತಪ್ಪಿದೆ. ಮೊದಲು ನೀರು ಬರುವ ದಾರಿ ಹುಡುಕಬೇಕು, ಆಮೇಲೆ ಅದನ್ನು ತಡೆಯಬೇಕು, ಆಮೇಲೆ ಗೋಡೆ ಒಣಗಬೇಕು, ಆಮೇಲೆ ಬೂಸ್ಟು ತೊಳೆಯಬೇಕು. ಸುಣ್ಣವೋ ಬಣ್ಣವೋ, ಅದು ಕಟ್ಟಕಡೆಗೆ. ಇದರಲ್ಲಿ ಒಂದು ಹಂತ ಹಾರಿದರೂ ದುಡ್ಡು ದಂಡ. ನಾನೂ ಎರಡು ವರ್ಷ ಹೀಗೆ ದುಡ್ಡು ಕಳೆದಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಕಾಲದ ಲೆಕ್ಕವನ್ನೂ ಮೊದಲೇ ಹೇಳಿಬಿಡುತ್ತೇನೆ. ನೀರಿನ ದಾರಿ ಹುಡುಕುವ ಕೆಲಸ ಜೂನ್‌ನಿಂದ ಆಗಸ್ಟ್‌ವರೆಗೆ, ಮಳೆ ಸುರಿಯುತ್ತಿರುವಾಗಲೇ ಆಗಬೇಕು. ರಿಪೇರಿ ಜನವರಿಯಿಂದ ಏಪ್ರಿಲ್ ಒಳಗೆ. ಭರಣಿ ಮಳೆ ಬೀಳುವ ಮುಂಚೆ ಹಂಚಿನ ಕೆಲಸ ಮುಗಿದಿರಬೇಕು. ಮಳೆಗಾಲದಲ್ಲಿ ಗೋಡೆ ಕಪ್ಪಾಯಿತೆಂದು ಆಗಲೇ ಗಾರೆ ಕೆತ್ತಿಸಲು ಹೋಗಬೇಡಿ.

## ಹಂತ 1: ಸಾಮಾನು ಹೊಂದಿಸಿಕೊಳ್ಳಿ

ನೀರು ಹುಡುಕಲು ಬೇಕಾದ್ದು ಕಡಿಮೆ. ಒಳ್ಳೇ ಟಾರ್ಚು, ಪೆನ್ಸಿಲ್, ಅಳತೆ ಟೇಪು, ಒಂದು ಸ್ಕ್ರೂಡ್ರೈವರ್, ಒಂದಡಿ ಚೌಕದ ನಾಲ್ಕೈದು ದಪ್ಪ ಪ್ಲಾಸ್ಟಿಕ್ ಹಾಳೆ, ಅಗಲದ ಟೇಪು, ಕೊಡೆ. ಜೊತೆಗೆ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಒಂದು. ಚಿಕ್ಕ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಉಳಿದ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅನ್ನುವ ದಿನದಿನದ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ತೊಳೆಯುವ ಕೆಲಸಕ್ಕೆ ಎನ್‌-95 ಮಾಸ್ಕ್, ರಬ್ಬರ್ ಕೈಗವಸು, ಪಕ್ಕದಲ್ಲಿ ತೂತಿಲ್ಲದ ಕನ್ನಡಕ, ಎರಡು ಬಕೆಟ್, ಹಳೇ ಬಟ್ಟೆ, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ನೀರು ಸಿಂಪಡಿಸುವ ಬಾಟಲಿ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಬೂಸ್ಟಿನ ಬೀಜಕಣ ಬಟ್ಟೆಯ ಎಳೆಯ ನಡುವೆ ಸಲೀಸಾಗಿ ದಾಟುತ್ತದೆ.

## ಹಂತ 2: ನೀರು ಎಲ್ಲಿಂದ ಬರುತ್ತಿದೆ ಅಂತ ಹಿಡಿಯಿರಿ

ಎಲ್ಲರೂ ಹಾರಿಸುವ ಹಂತ ಇದು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹಳೇ ಮನೆಗೆ ನೀರು ನಾಲ್ಕು ದಾರಿಯಲ್ಲಿ ಬರುತ್ತದೆ: ಮಾಡಿನಿಂದ, ಅಂದರೆ ಚಾವಣಿಯಿಂದ ಸೋರುವುದು, ಗಾಳಿಗೆ ಗೋಡೆಗೆ ಹೊಡೆಯುವ ಎರಚಲು, ನೆಲದಿಂದ ಮೇಲೇರುವ ತೇವ, ಮತ್ತೆ ಮನೆಯೊಳಗೇ ಹುಟ್ಟುವ ಆವಿ. ಒಂದೇ ಮನೆಯಲ್ಲಿ ನಾಲ್ಕೂ ಇರಬಹುದು. ಒಂದೊಂದಕ್ಕೂ ಮದ್ದು ಬೇರೆ.

ಗೋಡೆ ನೋಡಿದರೇ ಅರ್ಧ ಗೊತ್ತಾಗುತ್ತದೆ. ನೆಲದಿಂದ ಮೂರು ನಾಲ್ಕು ಅಡಿವರೆಗೆ ಪಟ್ಟಿ ಎಳೆದ ಹಾಗೆ ಒದ್ದೆ, ಅದರ ಮೇಲಂಚಿನಲ್ಲಿ ಬಿಳಿ ಪುಡಿ ಇದ್ದರೆ ಅದು ನೆಲದ ತೇವ. ಗೋಡೆಯ ನೆತ್ತಿಯಿಂದ ಕೆಳಕ್ಕೆ ನಾಲಗೆ ಚಾಚಿದ ಹಾಗೆ ಕಂದು ಕಲೆ ಇದ್ದರೆ ಹಂಚಿನ ಸೋರಿಕೆ. ಪಡುವಣ ಗೋಡೆ ಮಾತ್ರ, ಅದರಲ್ಲೂ ಕಿಟಕಿಯ ಸುತ್ತ ಒದ್ದೆಯಾದರೆ ಎರಚಲು. ಮೂಲೆಗಳಲ್ಲಿ, ಬೀರುವಿನ ಹಿಂದೆ, ಮಂಚದ ತಲೆಯ ಕಡೆ ಚಿಕ್ಕ ಚಿಕ್ಕ ಕಪ್ಪು ಚುಕ್ಕೆ ಎದ್ದು, ಗೋಡೆ ಮುಟ್ಟಿದರೆ ಅಷ್ಟೇನೂ ಒದ್ದೆ ಅನ್ನಿಸದಿದ್ದರೆ ಅದು ಒಳಗಿನ ಆವಿಯ ಕೆಲಸ.

ಅನುಮಾನವಿದ್ದರೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಗೋಡೆಗೆ ಒಂದಡಿ ಚೌಕದ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪು ಅಂಟಿಸಿ, ಎರಡು ದಿನ ಬಿಡಿ. ಸುಣ್ಣದ ಗೋಡೆಗೆ ಟೇಪು ಹಿಡಿಯದಿದ್ದರೆ ತೆಳು ರೀಪಿನ ಪಟ್ಟಿ ಒತ್ತಿ ಸಣ್ಣ ಮೊಳೆ ಹೊಡೆಯಿರಿ. ಹನಿ ಹಾಳೆಯ ಹೊರಮೈಯಲ್ಲಿ, ಅಂದರೆ ಕೋಣೆಯ ಕಡೆ ಕೂತಿದ್ದರೆ ಅದು ಗಾಳಿಯ ತೇವ. ಹಾಳೆಯ ಹಿಂದೆ, ಗೋಡೆಯ ಕಡೆ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೆಂಪು ರೆಡ್ ಆಕ್ಸೈಡ್ ನೆಲಕ್ಕೂ ಇದೇ ಪರೀಕ್ಷೆ. ಮುಂಗಾರು ಶುರುವಾದಾಗ ನೆಲ ಒದ್ದೆಯಾದರೆ ಜಲ ಎದ್ದಿತು ಅಂತ ಗಾಬರಿಯಾಗುತ್ತಾರೆ. ಎಷ್ಟೋ ಸಲ ಅದು ಜಲವಲ್ಲ, ಬೆಚ್ಚಗಿನ ತೇವದ ಗಾಳಿ ತಣ್ಣನೆ ನೆಲಕ್ಕೆ ತಾಗಿ ಬೆವರಿರುತ್ತದೆ.

ಇನ್ನೊಂದು ಗೊಂದಲ ಬಿಳಿ ಪುಡಿಯದ್ದು. ಬಿಳಿ ಕಂಡ ಕೂಡಲೇ ಬೂಸ್ಟು ಅನ್ನುತ್ತಾರೆ. ಅದರ ಮೇಲೆ ಸ್ವಲ್ಪ ನೀರು ಸಿಂಪಡಿಸಿ. ಕರಗಿ ಮಾಯವಾದರೆ ಅದು ಗೋಡೆ ಬಿಟ್ಟ ಉಪ್ಪು. ಕರಗದೆ ಲೋಳೆಯ ಹಾಗೆ ಜಾರಿದರೆ ಬೂಸ್ಟು. ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ಮೊರಕ್ಕೆ ಬೀಳಿಸಿ ಹೊರಗೆ ಹಾಕಿ. ಬೂಸ್ಟಿಗೆ ಇದರ ಉಲ್ಟಾ, ಒಣಗಿರುವಾಗ ಅದನ್ನು ಉಜ್ಜಲೇಬಾರದು.

ಇದಿಷ್ಟು ಒಳಗಿನದು. ಮಿಕ್ಕಿದ್ದು ಗೊತ್ತಾಗಬೇಕಾದರೆ ಜೋರು ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ಹೊರಗೆ ನಿಲ್ಲಬೇಕು. ನಮ್ಮ ಮನೆಯ ಅಡಿಗೆ ಕೋಣೆಯ ಗೋಡೆ ಪ್ರತಿ ವರ್ಷ ಒದ್ದೆಯಾಗುತ್ತಿತ್ತು. ಮೇಸ್ತ್ರಿಯೊಬ್ಬರು ನೆಲದ ತೇವ ಅಂದರು. ಹೊರಗಿನಿಂದ ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಗಾರೆ ಬಳಿದರು. ಮರುವರ್ಷ ಒದ್ದೆ ಐದೂವರೆ ಅಡಿಗೆ ಏರಿತು. ಅದರ ಮೇಲೆ ಒಳಗಿನಿಂದ ತೇವ ತಡೆಯುವ ಬಣ್ಣ ಹೊಡೆಸಿದೆ. ಅದು ಹಪ್ಪಳದ ಹಾಗೆ ಎದ್ದು ಬಂತು. ಮೂರನೇ ವರ್ಷ ಆಶ್ಲೇಷ ಮಳೆಯಲ್ಲಿ ಹೊರಗೆ ಹೋಗಿ ನಿಂತೆ. ಸೂರಿನ ನೀರು ನೇರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳುತ್ತಿತ್ತು. ಅಲ್ಲಿಂದ ಚಿಮ್ಮಿದ ನೀರು ಗೋಡೆಗೆ ಎರಡಡಿ ಎತ್ತರಕ್ಕೆ ಬಡಿಯುತ್ತಿತ್ತು, ಬಿಡುವಿಲ್ಲದೆ. ಸಿಮೆಂಟಿನ ಸಣ್ಣ ಬಿರುಕಲ್ಲಿ ಒಳಗೆ ಹೋದ ನೀರಿಗೆ ಆಚೆ ಬರಲು ದಾರಿಯಿರಲಿಲ್ಲ. ಆ ಕಲ್ಲನ್ನು ಎಂಟಡಿ ದೂರಕ್ಕೆ ಉರುಳಿಸಿದೆವು, ಸಿಮೆಂಟ್ ಕೆತ್ತಿಸಿದೆವು. ಗೋಡೆ ಪೂರ್ತಿ ಒಣಗಲು ಎರಡು ಬೇಸಿಗೆ ಬೇಕಾಯಿತು, ಆದರೆ ಒಣಗಿತು.

ಹಾಗೆ ನಿಂತಾಗ ಇವಿಷ್ಟು ನೋಡಿ: ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಸೂರಿನ ನೀರು ಹಿಡಿಯುವ ದೋಣಿ ಎಲ್ಲಿ ತುಂಬಿ ಚೆಲ್ಲುತ್ತದೆ. ಒಳಗೆ ಬಂದು ಒದ್ದೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಬೇಸಿಗೆಯಲ್ಲಿ ಮೇಸ್ತ್ರಿ ಬಂದಾಗ ತೋರಿಸಲು ನಿಮ್ಮ ಹತ್ತಿರ ಗೋಡೆಯ ಮೇಲೇ ನಕ್ಷೆ ಇರುತ್ತದೆ. ಬೇಸಿಗೆಯಲ್ಲಿ ಗೋಡೆ ನೋಡಿ ಹೇಳುವ ಸಲಹೆಗಿಂತ ಈ ಗೆರೆಗಳನ್ನು ನಂಬಿ.

## ಹಂತ 3: ಮಾಡಿನ ನೀರು ನಿಲ್ಲಿಸಿ

ರಿಪೇರಿ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಮಾಡು ಸೋರುತ್ತಿರುವಾಗ ಗೋಡೆಗೆ ಏನು ಮಾಡಿದರೂ ವ್ಯರ್ಥ.

ಹಗಲು ಹೊತ್ತು ಅಟ್ಟ ಹತ್ತಿ, ಟಾರ್ಚು ಆರಿಸಿ ಸುಮ್ನೆ ಎರಡು ನಿಮಿಷ ಕೂರಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಡೆದ ಹಂಚು, ಜಾರಿದ ಹಂಚು ಬೆಳಕಿನ ಚುಕ್ಕೆಯಾಗಿ ಕಾಣುತ್ತವೆ. ಆಮೇಲೆ ಟಾರ್ಚು ಹಾಕಿ ಪಕಾಸಿಗಳ (ಹಂಚು ಹೊರುವ ಇಳಿಜಾರು ಮರಗಳ) ಮೇಲಿನ ನೀರಿನ ಜಾಡು ನೋಡಿ. ನೀರು ಹಂಚು ಒಡೆದ ಕಡೆಯೇ ಕೆಳಗೆ ಬೀಳುವುದಿಲ್ಲ. ಪಕಾಸಿ ಹಿಡಿದು ಇಳಿದು, ಮೂರು ನಾಲ್ಕು ಅಡಿ ಕೆಳಗೆ ತೊಟ್ಟಿಕ್ಕುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗದಿಂದ ಮೇಲಕ್ಕೆ, ನೆತ್ತಿಯ ಕಡೆಗೆ ಹುಡುಕಿ. ಸಾಮಾನ್ಯವಾಗಿ ತಪ್ಪು ಸಿಗುವ ಜಾಗ ಮೂರು: ಮಾಡಿನ ನೆತ್ತಿಯ ಕೋಡು ಹಂಚಿನ ಕೆಳಗಿನ ಗಾರೆ, ಎರಡು ಮಾಡು ಕೂಡುವಲ್ಲಿನ ತಗಡಿನ ದೋಣಿ, ಗಾಜಿನ ಹಂಚಿನ ಅಂಚು. ಮಂಗಗಳ ಕಾಟ ಇರುವ ಕಡೆ ಎಲ್ಲಾ ಜಾಗವನ್ನೂ ನೋಡಬೇಕು.

ಹಂಚು ಕೈಯಾಡಿಸುವಾಗ (ತೆಗೆದು ಮತ್ತೆ ಜೋಡಿಸುವಾಗ) ಹಂಚಿನ ಕೆಳಗೆ ಬಿದ್ದ ಎಲೆ, ಸಿಲ್ವರ್ ಓಕ್ ತರಗು, ಪಾಚಿ ಎಲ್ಲ ತೆಗೆಸಿ. ಹಂಚಿನ ಸಂದಿಯಲ್ಲಿ ಕೂತ ಪಾಚಿ ನೀರನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ಪಾಚಿಗೆ ತೆಂಗಿನ ಪೊರಕೆ ಅಥವಾ ಗಟ್ಟಿ ಬ್ರಷ್ ಸಾಕು. ಜೋರು ಒತ್ತಡದ ನೀರಿನ ಯಂತ್ರ ಬೇಡ, ಹಳೇ ಹಂಚಿನ ಮೇಲ್ಮೈ ಕಿತ್ತು ಬರುತ್ತದೆ. ಒದ್ದೆ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಹಳೇ ಸಿಮೆಂಟ್ ಶೀಟಿನ ಮಾಡಾದರೆ ಅದನ್ನು ಒಣಗಿರುವಾಗ ಕೆರೆಯುವುದಾಗಲಿ, ಗರಗಸ ಹಾಕುವುದಾಗಲಿ ಮಾಡಲೇಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಅಪಾಯ.

ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರಕ್ಕೆ ಅದು ಇಳಿಯುವುದಿಲ್ಲ. ಬೆಣ್ಣೆಗೆ ಚುಚ್ಚಿದ ಹಾಗೆ ಒಂದಂಗುಲ ಇಳಿದರೆ ಮರ ಕೊಳೆತಿದೆ, ಬಡಗಿಯನ್ನು ಕರೆಯಿರಿ. ಒಣಗಿದ ಮರಕ್ಕೆ ಗೇರೆಣ್ಣೆ (ಗೇರು ಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದು ಒಳ್ಳೆಯದೇ, ಆದರೆ ಅದು ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಒದ್ದೆ ಮರಕ್ಕೆ ಯಾವ ಎಣ್ಣೆಯನ್ನೂ ಬಳಿಯಬಾರದು, ನೀರು ಒಳಗೇ ಉಳಿಯುತ್ತದೆ.

1980ರ ದಶಕದಲ್ಲಿ ಕಟ್ಟಿದ ತಾರಸಿ ಮನೆಗಳ ಮೇಲೆ ಈಗ ಲೋಹದ ಶೀಟು ಹೊದಿಸುತ್ತಾರೆ. ಒಳ್ಳೆಯದೇ. ಆದರೆ ಶೀಟಿಗೂ ತಾರಸಿಗೂ ನಡುವೆ ಎರಡೂ ಕಡೆ ಗಾಳಿ ಆಡಬೇಕು. ಸುತ್ತ ಮುಚ್ಚಿಬಿಟ್ಟರೆ ಬೆಳಗಿನ ಜಾವ ಶೀಟಿನ ಅಡಿಯಲ್ಲಿ ಹನಿ ಕೂತು ತಾರಸಿ ಮೇಲೆ ಮಳೆ ಬಿದ್ದ ಹಾಗೆ ಬೀಳುತ್ತದೆ.

## ಹಂತ 4: ಹೊರಗಿನ ನೀರನ್ನು ಗೋಡೆಯಿಂದ ದೂರ ಓಡಿಸಿ

ಅಡಿಕೆ ತೋಟಕ್ಕೆ ವರ್ಷ ವರ್ಷ ಬಸಿಗಾಲುವೆ ಬಿಡಿಸುತ್ತೇವೆ. ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ ಗೊತ್ತು. ಮನೆಗೂ ಅದೇ ಕಾಲುವೆ ಬೇಕು, ಅಲ್ವಾ?

ಮೊದಲು ಅಂಗಳದ ಮಟ್ಟ ನೋಡಿ. ಮನೆಯ ಒಳನೆಲಕ್ಕಿಂತ ಹೊರಗಿನ ಮಣ್ಣು ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಹಲವು ಮನೆಗಳಲ್ಲಿ ಅಂಗಳಕ್ಕೆ ಮಣ್ಣು ಹಾಕಿ ಹಾಕಿ, ಅದರ ಮೇಲೆ ಇಂಟರ್‌ಲಾಕ್ ಹಾಸಿ, ಹೊರಗೇ ಎತ್ತರವಾಗಿರುತ್ತದೆ. ಹೀಗಿದ್ದರೆ ಗೋಡೆಯ ಬುಡ ಸದಾ ಹಸಿ. ಗೋಡೆಯ ಸುತ್ತ ಎರಡು ಮೂರು ಅಡಿ ಅಗಲದ ಇಂಟರ್‌ಲಾಕ್ ತೆಗೆಸಿ ಮಣ್ಣು ಇಳಿಸುವುದೇ ದಾರಿ. ಖರ್ಚು ಮಾಡಿ ಹಾಸಿದ್ದನ್ನು ಕೀಳಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೂ ಕೀಳಿಸಿ.

ಗೋಡೆಯಿಂದ ಮೊದಲ ಹತ್ತಡಿಯಲ್ಲಿ ಅಂಗಳ ಅರ್ಧ ಅಡಿಯಾದರೂ ಇಳಿಜಾರು ಇರಲಿ. ಸೂರಿಗೆ ದೋಣಿ ಕಟ್ಟಿ, ನೀರನ್ನು ಪೈಪಿನಲ್ಲಿ ಇಳಿಸಿ ದೂರ ಬಿಡಿ. ದೋಣಿ ಕಟ್ಟಲು ಆಗದಿದ್ದರೆ ಸೂರಿನ ನೀರು ಬೀಳುವ ಜಾಗದಲ್ಲಿ ಒಂದಡಿ ಅಗಲಕ್ಕೆ ದಪ್ಪ ಜಲ್ಲಿ ಹಾಸಿ, ಹನಿ ಚಿಮ್ಮುವುದಿಲ್ಲ. ಅಲ್ಲಿ ಚಪ್ಪಡಿ ಕಲ್ಲು ಹಾಸಿದರೆ ಚಿಮ್ಮುವುದು ಜಾಸ್ತಿಯಾಗುತ್ತದೆ.

ಕಾಲುವೆಯನ್ನು ಗೋಡೆಯ ಬುಡಕ್ಕೇ ತೋಡಬೇಡಿ. ಮಣ್ಣಿನ ಗೋಡೆಯ ತಳಪಾಯ ಆಳವಿರುವುದಿಲ್ಲ. ಬುಡ ತೋಡಿದರೆ ಗೋಡೆ ಕೂರುತ್ತದೆ. ಕನಿಷ್ಠ ಮೂರಡಿ ದೂರ ಇರಲಿ, ತಳಪಾಯಕ್ಕಿಂತ ಆಳ ಹೋಗದಿರಲಿ.

ಮನೆಯ ಹಿಂದೆ ಧರೆ, ಅಂದರೆ ಗುಡ್ಡ ಕಡಿದ ಎತ್ತರದ ಮಣ್ಣಿನ ಅಂಚು ಇದ್ದರೆ ನೀರನ್ನು ಧರೆಯ ಮೇಲೆಯೇ ತಡೆದು ಪಕ್ಕಕ್ಕೆ ತಿರುಗಿಸಬೇಕು. ಧರೆಯ ಬುಡ ಕಡಿದು ಜಾಗ ಮಾಡುವ ಕೆಲಸ ಬೇಡ. ಮಳೆಗಾಲದಲ್ಲಂತೂ ಹಾರೆ ಮುಟ್ಟಿಸಲೇಬೇಡಿ.

ಎರಚಲಿಗೆ ಹಿಂದಿನವರ ಉಪಾಯವೇ ಇವತ್ತಿಗೂ ಸರಿ. ಪಡುವಣ ಗೋಡೆಗೆ ಮಳೆಗಾಲಕ್ಕೆ ಮುಂಚೆ ಸೋಗೆಯ (ಅಡಿಕೆ ಗರಿಯ) ತಟ್ಟಿ ಕಟ್ಟುತ್ತಿದ್ದರು. ಸೋಗೆ ಸಿಗದಿದ್ದರೆ ಟಾರ್ಪಾಲ್, ಶೀಟು ಯಾವುದಾದರೂ ಆಗುತ್ತದೆ. ಗೋಡೆಗೆ ತಾಗಿಸಿ ಕಟ್ಟಬೇಡಿ, ಒಂದಡಿ ಗಾಳಿ ಬಿಡಿ. ಗೋಡೆಗೆ ಅಂಟಿದ ಟಾರ್ಪಾಲಿನ ಹಿಂದೆ ಬೂಸ್ಟು ಬೆಳೆಯುವಷ್ಟು ಬೇರೆಲ್ಲೂ ಬೆಳೆಯುವುದಿಲ್ಲ.

## ಹಂತ 5: ಗೋಡೆ ಒಣಗಲು ಬಿಡಿ

ಮಣ್ಣು, ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ ಇವು ನೀರು ಕುಡಿಯುತ್ತವೆ, ಬಿಸಿಲು ಬಂದಾಗ ಬಿಡುತ್ತವೆ. ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಎಮಲ್ಷನ್, ಗೋಡೆಗೆ ಅಂಟಿಸಿದ ಟೈಲ್ಸ್ ಈ ಬಿಡುವ ದಾರಿಯನ್ನು ಮುಚ್ಚುತ್ತವೆ. ಒಳಗಿನ ನೀರು ಆಗ ಇನ್ನೂ ಮೇಲಕ್ಕೆ ಏರುತ್ತದೆ. ನಮ್ಮ ಮನೆಯಲ್ಲಿ ನಾಲ್ಕಡಿ ಐದೂವರೆ ಆದದ್ದು ಇದೇ ಕಾರಣಕ್ಕೆ.

ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಡಬ್ ಡಬ್ ಅಂತ ಪೊಳ್ಳು ಸದ್ದು ಬಂದ ಕಡೆ ಸಿಮೆಂಟ್ ಆಗಲೇ ಬಿಟ್ಟುಕೊಂಡಿದೆ. ಅಲ್ಲಿಂದ ಶುರು ಮಾಡಿ ಸಣ್ಣ ಸುತ್ತಿಗೆ, ಉಳಿ ಹಿಡಿದು ನಿಧಾನವಾಗಿ ಕೆತ್ತಿಸಿ. ಯಂತ್ರದಲ್ಲಿ ಒಡೆಸಬೇಡಿ, ಅದುರಿಗೆ ಮಣ್ಣಿನ ಗೋಡೆ ಬಿರುಕು ಬಿಡುತ್ತದೆ. ಒಂದೇ ದಿನ ಇಡೀ ಗೋಡೆ ಬೋಳು ಮಾಡದೆ ಮೂರು ನಾಲ್ಕು ಅಡಿ ಅಗಲದ ಭಾಗಗಳಾಗಿ ಮಾಡಿಸಿ. ಒಳಗೆ ಮಣ್ಣು ಪುಡಿಯಾಗಿ ಉದುರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಮಣ್ಣಿನ ಗೋಡೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗೆ ತೋರಿಸಿ.

ಒಣಗುವ ಲೆಕ್ಕ ಹೀಗೆ: ಗೋಡೆಯ ದಪ್ಪ ಅಂಗುಲಕ್ಕೊಂದು ತಿಂಗಳು. ಒಂದೂವರೆ ಅಡಿ ಗೋಡೆಯೆಂದರೆ ಹದಿನೆಂಟು ತಿಂಗಳು ಹಿಡಿಯಬಹುದು. ಇದನ್ನು ಕೇಳಿ ತುಂಬ ಜನ ಸೋಲುತ್ತಾರೆ. ಒಂದು ತಿಂಗಳು ಫ್ಯಾನ್ ಹಾಕಿ, ಮುಟ್ಟಿ ನೋಡಿ, ಒಣಗಿದೆ ಅಂತ ಬಣ್ಣ ಬಳಿಯುತ್ತಾರೆ. ಮೇಲ್ಮೈ ಒಣಗಿರುತ್ತದೆ ಅಷ್ಟೇ. ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಿಂದೆ ಹನಿ ಕೂರುವುದು ನಿಲ್ಲುವವರೆಗೆ ಸುಮ್ಮನಿರಿ. ಅಷ್ಟರವರೆಗೆ ಗೋಡೆ ಚೆಂದ ಕಾಣುವುದಿಲ್ಲ, ನೆಂಟರು ಕೇಳುತ್ತಾರೆ. ಬೇಕಿದ್ದರೆ ತೆಳುವಾಗಿ ಒಂದು ಕೈ ಸುಣ್ಣ ಬಳಿಯಿರಿ, ಅದು ಒಣಗುವುದಕ್ಕೆ ಅಡ್ಡ ಬರುವುದಿಲ್ಲ.

ಕೆತ್ತಿದ ಜಾಗಕ್ಕೆ ಮತ್ತೆ ಗಾರೆ ಬೇಕಾದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಗಟ್ಟಿ ಬರಲಿ ಅಂತ ಒಂದು ಬೊಗಸೆ ಸಿಮೆಂಟ್ ಸೇರಿಸುತ್ತೇನೆ ಅಂತ ಮೇಸ್ತ್ರಿ ಹೇಳಿದರೆ ಬೇಡವೆನ್ನಿ.

## ಹಂತ 6: ಬೂಸ್ಟು ತೊಳೆಯುವುದು

ಕೋಣೆಯ ಬೂಸ್ಟೆಲ್ಲ ಸೇರಿ ಮೂರಡಿ ಉದ್ದ, ಮೂರಡಿ ಅಗಲದ ಜಾಗಕ್ಕಿಂತ ಕಡಿಮೆಯಿದ್ದರೆ ನೀವೇ ತೊಳೆಯಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ತೊಳೆಯುವ ಮುಂಚೆ ಇನ್ನೊಮ್ಮೆ ಹಂತ 2ಕ್ಕೆ ಹೋಗಿ, ಎಲ್ಲೋ ನೀರು ಇನ್ನೂ ಬರುತ್ತಿದೆ. ಆಸ್ತಮಾ ಇದ್ದವರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಕಾಯಿಲೆಯಿಂದ ಸುಸ್ತಾದವರು ಆ ದಿನ ಆ ಕೋಣೆಯ ಹತ್ತಿರ ಬರಬಾರದು.

ಕೋಣೆಯ ಒಳಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆಗೆಯಿರಿ. ಫ್ಯಾನ್ ಹಾಕಬೇಡಿ, ಬೀಜಕಣ ಮನೆ ತುಂಬ ಹಾರುತ್ತದೆ. ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಂಡು ಬೂಸ್ಟಿನ ಮೇಲೆ ಸೋಪಿನ ನೀರನ್ನು ಮಂಜಿನ ಹಾಗೆ ಸಿಂಪಡಿಸಿ. ಐದು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ. ಒಂದು ಬಕೆಟ್ ಸೋಪಿನ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸಲು. ಜಾಲಿಸುವ ನೀರು ಕಪ್ಪಾದ ಕೂಡಲೇ ಬದಲಾಯಿಸಿ. ಮುಗಿದ ಮೇಲೆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಆಮೇಲೆ ಫ್ಯಾನ್ ಹಾಕಿ, ಆ ಜಾಗ ಅವತ್ತೇ ಒಣಗಬೇಕು. ಒದ್ದೆಯಾಗಿ ಒಂದೆರಡು ದಿನ ಉಳಿದರೆ ಬೂಸ್ಟು ಮತ್ತೆ ಶುರುವಾಗುತ್ತದೆ.

ಸುಣ್ಣದ ಗೋಡೆಯಾದರೆ ನೀರು ಸುರಿಯಬೇಡಿ. ಸ್ವಲ್ಪ ಒದ್ದೆ ಮಾಡಿ, ಮೇಲಿನ ಸುಣ್ಣದ ಪದರವನ್ನೇ ಕೆರೆದು ತೆಗೆಯಿರಿ. ಬೂಸ್ಟು ಅದರ ಜೊತೆಗೇ ಬರುತ್ತದೆ.

ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಯುತ್ತದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಬಚ್ಚಲಿನ ಟೈಲ್ಸಿಗೆ ಆಗಬಹುದು. ಮಣ್ಣಿನ ಗೋಡೆಗೆ, ಮರಕ್ಕೆ ಪ್ರಯೋಜನವಿಲ್ಲ. ಕಪ್ಪು ಬಣ್ಣ ಬಿಳಿಯಾಗುತ್ತದೆ, ಬೇರು ಒಳಗೇ ಇರುತ್ತದೆ, ಅದರ ನೀರು ಗೋಡೆಗೆ ಸೇರುತ್ತದೆ. ಸತ್ತ ಬೂಸ್ಟು ಕೂಡ ಕೆಮ್ಮು, ಅಲರ್ಜಿ ತರುತ್ತದೆ. ಹಾಗಾಗಿ ಸಾಯಿಸುವುದಲ್ಲ, ಒರೆಸಿ ತೆಗೆಯುವುದು ಮುಖ್ಯ. ಇನ್ನೊಂದು ಮಾತು ಬಹಳ ಗಟ್ಟಿಯಾಗಿ ಹೇಳುತ್ತೇನೆ: ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ಅಮೋನಿಯಾ ಯಾವುದನ್ನೂ ಬೆರೆಸಬೇಡಿ. ವಿಷಗಾಳಿ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.

ಹಾಸಿಗೆ, ಹತ್ತಿಯ ದಿಂಬು ಒಳಗಿನವರೆಗೆ ಬೂಸ್ಟು ಹಿಡಿದಿದ್ದರೆ ಉಳಿಸಲು ನೋಡಬೇಡಿ. ಮರದ ಪೆಟ್ಟಿಗೆ, ಬಾಗಿಲು ಒರೆಸಿ ಬಿಸಿಲಿಗೆ ಇಟ್ಟರೆ ಸರಿಹೋಗುತ್ತವೆ. ರೇಷ್ಮೆ ಸೀರೆಯನ್ನು ಹೊರಗೆ ನೆರಳಿನಲ್ಲಿ ಹರಡಿ, ಮೆತ್ತನೆ ಬ್ರಷ್‌ನಲ್ಲಿ ಬೂಸ್ಟು ಬಿಡಿಸಿ. ಬಟ್ಟೆಗೆ ಮಾತ್ರ ಈ ವಿನಾಯಿತಿ, ಅದೂ ಮಾಸ್ಕ್ ಹಾಕಿಕೊಂಡು.

## ಹಂತ 7: ಸುಣ್ಣ ಬಳಿಯುವುದು

ಸುಣ್ಣ ಕ್ಷಾರ. ಬೂಸ್ಟಿಗೆ ಅದರ ಮೇಲೆ ಬೇರೂರುವುದು ಕಷ್ಟ, ಗೋಡೆಯೂ ಉಸಿರಾಡುತ್ತದೆ. ಆದರೆ ಹಳೇ ಎಮಲ್ಷನ್ ಮೇಲೆ ಸುಣ್ಣ ನಿಲ್ಲುವುದಿಲ್ಲ, ಅದನ್ನು ಪೂರ್ತಿ ಕೆರೆದಿರಬೇಕು.

ಸುಟ್ಟ ಸುಣ್ಣದ ಕಲ್ಲನ್ನು ಅರಳಿಸಲು ಕಬ್ಬಿಣದ ಡ್ರಮ್ ಬಳಸಿ, ಪ್ಲಾಸ್ಟಿಕ್ ಬಕೆಟ್ ಬಿಸಿಗೆ ಕರಗಬಹುದು. ಮೊದಲು ನೀರು, ಆಮೇಲೆ ಅದಕ್ಕೆ ಸುಣ್ಣ, ಸ್ವಲ್ಪ ಸ್ವಲ್ಪವೇ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ ಇರಲೇಬೇಕು, ಮಕ್ಕಳು ದೂರ. ಕಣ್ಣಿಗೆ ಬಿದ್ದರೆ ಚೊಕ್ಕ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಅರಳಿದ ಸುಣ್ಣವನ್ನು ನೀರಿನಡಿ ಕನಿಷ್ಠ ಒಂದು ವಾರ ಬಿಡಿ. ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳು ಮಾಡಿ. ಕೈಗೆ ಅಂಟದಿರಲು ಸ್ವಲ್ಪ ಗೋಂದು ಕರಗಿಸಿ ಸೇರಿಸಬಹುದು. ಗೋಡೆಗೆ ನೀರು ಚಿಮುಕಿಸಿ, ಹಸಿ ಇರುವಾಗಲೇ ಬಳಿಯಿರಿ. ಬಳಿದಾಗ ಏನೂ ಕಾಣುವುದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಕಾಣಲಿಲ್ಲ ಅಂತ ದಪ್ಪ ಮಾಡಿದರೆ ಮರುದಿನ ಚಕ್ಕೆ ಏಳುತ್ತದೆ. ದಿನಕ್ಕೊಂದರಂತೆ ಮೂರು ಕೈ ಸಾಕು.

## ಹಂತ 8: ಮಳೆಗಾಲದಲ್ಲಿ ಒಳಗಿನ ಆವಿ

ಹಳೇ ಮನೆಯಲ್ಲಿ ಸೌದೆ ಒಲೆ, ಬಚ್ಚಲ ಹಂಡೆ ಒಲೆ ದಿನವಿಡೀ ಉರಿಯುತ್ತಿದ್ದವು. ಹೊಗೆ, ಬಿಸಿ ಹಂಚಿನ ಸಂದಿಯಿಂದ ತೇವವನ್ನೂ ಹೊತ್ತು ಹೋಗುತ್ತಿತ್ತು. ಈಗ ಗ್ಯಾಸ್ ಬಂದಿದೆ, ಹಂಚಿನ ಕೆಳಗೆ ಸೀಲಿಂಗ್ ಬಂದಿದೆ. 14.2 ಕೆಜಿ ಗ್ಯಾಸ್ ಸಿಲಿಂಡರ್ ಉರಿದು ಮುಗಿಯುವಷ್ಟರಲ್ಲಿ 20 ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಅಡಿಗೆ ಮನೆಯ ಗಾಳಿಗೆ ಸೇರುತ್ತದೆ. ಅನ್ನ ಬೇಯುವ ಆವಿ ಇದರ ಮೇಲೆ. ಒಳಗೆ ಹರಡಿದ ಒದ್ದೆ ಬಟ್ಟೆಯದ್ದು ಇನ್ನೂ ಬೇರೆ. ಹಾಗಾಗಿ ಅಡಿಗೆ ಮನೆಗೆ, ಬಚ್ಚಲಿಗೆ ಹೊರಕ್ಕೆ ಗಾಳಿ ತಳ್ಳುವ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಅಡಿಗೆ ಮುಗಿದ ಮೇಲೂ ಹದಿನೈದು ನಿಮಿಷ ಓಡಲಿ.

ಬಟ್ಟೆಗೆ ಒಂದು ಕೋಣೆ ಗೊತ್ತು ಮಾಡಿ. ಬಾಗಿಲು ಮುಚ್ಚಿ, ಎಕ್ಸಾಸ್ಟ್ ಹಾಕಿ ಅಲ್ಲೇ ಒಣಗಿಸಿ. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟುವುದನ್ನು ಬಿಟ್ಟರೆ ಅರ್ಧ ಬೂಸ್ಟು ಕಡಿಮೆಯಾಗುತ್ತದೆ. ಹೊಗೆಗೂಡು ಸರಿಯಿರುವ ಬಚ್ಚಲ ಒಲೆ ಇನ್ನೂ ಇದ್ದರೆ ದಯವಿಟ್ಟು ಉಳಿಸಿಕೊಳ್ಳಿ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಂಡಲಿ ಇಟ್ಟು ಮಲಗಬೇಡಿ, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗುವ ಮುಂಚೆ ಪ್ರಜ್ಞೆ ಹೋಗುತ್ತದೆ.

ಹೈಗ್ರೋಮೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಳಗೆ ತೇವ ಶೇಕಡಾ 60ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಜಡಿ ಮಳೆಯಲ್ಲಿ, ಮಂಜು ಇಳಿದಾಗ ಹೊರಗೆ 90 ದಾಟಿರುತ್ತದೆ. ಆಗ ಮಲಗುವ ಕೋಣೆಯ ಕಿಟಕಿ ತೆಗೆದರೆ ತೇವ ಒಳಗೆ ಬರುತ್ತದೆಯೇ ಹೊರತು ಹೋಗುವುದಿಲ್ಲ. ಮಳೆ ಹೊಳವಾದಾಗ ಮೀಟರನ್ನು ಕಾಲು ಗಂಟೆ ಜಗಲಿಗೆ ಇಡಿ. ಹೊರಗಿನ ಸಂಖ್ಯೆ ಒಳಗಿನದಕ್ಕಿಂತ ಕಡಿಮೆಯಿದ್ದರೆ ಎಲ್ಲ ಕಿಟಕಿ ತೆಗೆಯಿರಿ, ಬೀರುವಿನ ಬಾಗಿಲೂ ತೆಗೆಯಿರಿ.

ಬೀರು, ಮಂಚ, ಪುಸ್ತಕದ ಕಪಾಟು ಹೊರಗೋಡೆಯಿಂದ ನಾಲ್ಕು ಅಂಗುಲ ದೂರ ಇರಲಿ. ಒಮ್ಮೆ ನಾವು ಅಜ್ಜನ ಕಾಲದ ಬೀಟೆ ಬೀರುವನ್ನು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಬೀರುವಿನದೇ ಆಕಾರದ ಕಪ್ಪು ಚೌಕ ಇತ್ತು, ಕಾಲುಗಳ ಗುರುತಿನ ಸಮೇತ. ಪಕ್ಕದ ಗೋಡೆ ಬೆಳ್ಳಗಿತ್ತು.

ನುಸಿ ಗುಳಿಗೆ, ಕರ್ಪೂರ ವಾಸನೆ ಮುಚ್ಚುತ್ತವೆ, ತೇವ ತೆಗೆಯುವುದಿಲ್ಲ. ತೇವ ಹೀರುವ ಡಬ್ಬಗಳು ಮುಚ್ಚಿದ ಬೀರುವಿನೊಳಗೆ ಮಾತ್ರ ಉಪಯೋಗ. ಗಾಳಿಯ ತೇವ ಎಳೆಯುವ ಯಂತ್ರ, ಡಿಹ್ಯುಮಿಡಿಫೈಯರ್ ತರುವುದಾದರೆ ಕಂಪ್ರೆಸರ್ ಇರುವುದನ್ನೇ ತನ್ನಿ, ಕಿಟಕಿ ಬಾಗಿಲು ಮುಚ್ಚುವ, ಸೀಲಿಂಗ್ ಇರುವ ಒಂದು ಕೋಣೆಯಲ್ಲಿ ಇಡಿ. ಹಂಚಿನ ಸಂದಿ ಕಾಣುವ ಪಡಸಾಲೆಯಲ್ಲಿ ಇಟ್ಟರೆ ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟ ಹಾಗೆ.

ಅರಸೀಕೆರೆ, ಕಡೂರು ಕಡೆ ಮಳೆ ಕಡಿಮೆ. ಅಲ್ಲಿನ ಹಳೇ ಮನೆಗಳಲ್ಲಿ ತೇವ ಕಂಡರೆ ಮೊದಲು ನೀರಿನ ಟ್ಯಾಂಕು, ಗೋಡೆಯೊಳಗಿನ ಪೈಪು, ಬಚ್ಚಲ ಚರಂಡಿ ನೋಡಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ಮಟ್ಟ ಗುರುತು ಮಾಡಿ. ಬೆಳಗ್ಗೆ ಇಳಿದಿದ್ದರೆ ಪೈಪು ಸೋರುತ್ತಿದೆ.

## ಇವು ಕಂಡರೆ ಕೆಲಸ ನಿಲ್ಲಿಸಿ

ಸ್ವಿಚ್ ಬೋರ್ಡಿನ ಸುತ್ತ ಗೋಡೆ ಒದ್ದೆಯಾಗಿದ್ದರೆ, ಗೋಡೆ ಮುಟ್ಟಿದಾಗ ಜುಮ್ ಅಂದರೆ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಹಳೇ ವೈರಿಂಗ್ ಇರುವ ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಹಾಕಿಸುವುದನ್ನು ಮುಂದಕ್ಕೆ ಹಾಕಬೇಡಿ.

ಮಣ್ಣಿನ ಗೋಡೆ ಹೊಟ್ಟೆ ಬಿಟ್ಟ ಹಾಗೆ ಉಬ್ಬಿದ್ದರೆ, ಬುಡದ ಮಣ್ಣು ಉಗುರಿಗೆ ಕೆಸರಾಗಿ ಬಂದರೆ, ಇದ್ದಕ್ಕಿದ್ದಂತೆ ಬಾಗಿಲು ಕಿಟಕಿ ಹಿಡಿದುಕೊಂಡರೆ, ಪೆನ್ಸಿಲ್ ಗೆರೆ ದಾಟಿ ಬಿರುಕು ದಿನದಿನಕ್ಕೆ ಅಗಲವಾದರೆ ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ನಮ್ಮ ಕಡೆ ಗೋಡೆ ಕುಸಿಯುವುದು ಹೆಚ್ಚಾಗಿ ಜೋರು ಮಳೆಯ ರಾತ್ರಿ, ಕೆಲವು ಸಲ ಮಳೆ ನಿಂತು ಬಿಸಿಲು ಬಂದ ಮರುದಿನ. ಧರೆಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒಸರು ನೀರು ಕಂಡರೆ ಸಾಮಾನು ಹೊಂದಿಸುತ್ತಾ ಕೂರದೆ ಮನೆ ಬಿಟ್ಟು ಹೊರಡಿ.

ಮನೆಯಲ್ಲಿ ಯಾರಿಗಾದರೂ ಮಳೆಗಾಲದುದ್ದಕ್ಕೂ ಕೆಮ್ಮು, ಉಬ್ಬಸ ಇದ್ದು, ಬೇರೆ ಊರಿಗೆ ಹೋದ ನಾಲ್ಕು ದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಬೂಸ್ಟಿನ ವಿಷಯ ಅವರು ಕೇಳದಿದ್ದರೂ ನೀವೇ ಹೇಳಿ. ಮಲಗುವ ಜಾಗವನ್ನು ಆ ರಾತ್ರಿಯೇ ಮನೆಯ ಅತಿ ಒಣಗಿದ ಕೋಣೆಗೆ ಬದಲಾಯಿಸಿ. ಯಾವುದು ಅತಿ ಒಣಗಿದ್ದು ಅಂತ ಗೊತ್ತಾಗದಿದ್ದರೆ ಮೀಟರನ್ನು ಒಂದೊಂದು ಕೋಣೆಯಲ್ಲಿ ಒಂದೊಂದು ಗಂಟೆ ಇಟ್ಟು ನೋಡಿ.